ಬಗ್ಗದೆ, ಹಿಂಡದೆ ನೆಲ ಒರೆಸುವ ಬಗೆ

ಮನೆಯ ನೆಲ ಗುಡಿಸಿ ಒರೆಸುವುದು ಒಂದೇ ಕೆಲಸದಂತೆ ಕಂಡರೂ ಅದರೊಳಗೆ ಹತ್ತಾರು ಸಣ್ಣ ಕೆಲಸಗಳು ಸೇರಿಕೊಂಡಿವೆ. ಪೊರಕೆ ಎತ್ತಿಕೊಳ್ಳಬೇಕು, ಸೊಂಟ ಬಗ್ಗಿಸಿ ಮೂಲೆಯಿಂದ ಕಸ ಎಳೆಯಬೇಕು, ಕುಕ್ಕರಿಸಿ ಕುಳಿತು ಅದನ್ನು ಮೊರಕ್ಕೆ ತುಂಬಬೇಕು, ಎದ್ದು ಬುಟ್ಟಿಗೆ ಸುರಿಯಬೇಕು. ಆಮೇಲೆ ಬಕೆಟ್ಟಿಗೆ ನೀರು ತುಂಬಿ ಎತ್ತಿ ತರಬೇಕು, ಬಟ್ಟೆ ಅದ್ದಿ ಹಿಂಡಬೇಕು, ಒರೆಸಬೇಕು, ಮತ್ತೆ ಅದ್ದಿ ಹಿಂಡಬೇಕು. ಕೊನೆಗೆ ಕೊಳೆ ನೀರು ಚೆಲ್ಲಿ, ಬಟ್ಟೆ ಒಗೆದು ಒಣಹಾಕಬೇಕು. ಮೈಯಲ್ಲಿ ಕಸುವಿದ್ದಾಗ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಮಂಡಿ ಸವೆದಾಗ, ಬೆರಳ ಗಿಣ್ಣುಗಳು ಊದಿಕೊಂಡಾಗ, ಲಕ್ವ ಹೊಡೆದು ಒಂದು ಕೈ ಸೋತಾಗ, ಗಾಲಿಕುರ್ಚಿಯೇ ಕಾಲಾದಾಗ ಇವುಗಳಲ್ಲಿ ಯಾವುದೋ ಒಂದು ಹೆಜ್ಜೆ ಇಡೀ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ವಯಸ್ಸಾದವರಿಗೆ ಮತ್ತು ವಿಕಲಚೇತನರಿಗೆ ಶುಚಿತ್ವದ ಸಲಕರಣೆ ರೂಪಿಸುವುದೆಂದರೆ ಹಾಗೆ ಅಡ್ಡಗಟ್ಟುವ ಹೆಜ್ಜೆಯನ್ನು ಹುಡುಕಿ ತೆಗೆದುಹಾಕುವುದು. ಒಂಬತ್ತು ಹೆಜ್ಜೆ ಸುಲಭ ಮಾಡಿ ಹತ್ತನೆಯದನ್ನು ಹಾಗೇ ಬಿಟ್ಟರೆ ಆ ಸಲಕರಣೆ ಕೆಲವೇ ದಿನಗಳಲ್ಲಿ ಅಟ್ಟ ಸೇರುತ್ತದೆ.

2011ರ ಜನಗಣತಿಯಲ್ಲಿ ದೇಶದ 60 ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ ಇತ್ತು. ವಿಕಲಚೇತನರು 2.68 ಕೋಟಿ; ಅವರಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಕರ್ನಾಟಕದವರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿ, ಊರ ಮನೆಯಲ್ಲಿ ವಯಸ್ಸಾದ ಗಂಡಹೆಂಡಿರಿಬ್ಬರೇ ಉಳಿದಿರುವುದು ಈಗ ಸಾಮಾನ್ಯ ನೋಟ. ಕೆಲಸಕ್ಕೆ ಜನ ಸಿಗುವ ಕಡೆಯೂ ಅವರು ಬಾರದ ದಿನ ಇದ್ದೇ ಇರುತ್ತದೆ. ನಲವತ್ತು ವರ್ಷ ತನ್ನ ಕೈಯಾರೆ ಮನೆಯನ್ನು ಓರಣವಾಗಿಟ್ಟುಕೊಂಡು ಬಂದವರಿಗೆ, ಚೆಲ್ಲಿದ ಹಾಲು ಒರೆಸಲು ಇನ್ನೊಬ್ಬರ ದಾರಿ ಕಾಯುವುದು ಮನಸ್ಸು ಕುಗ್ಗಿಸುವ ಸಂಗತಿ. ಅದರಲ್ಲಿ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಸಾಯುತ್ತಾರೆ, ಅಂಥ ಸಾವು ಹೆಚ್ಚಾಗಿ ಕಾಣುವುದು 60 ದಾಟಿದವರಲ್ಲಿ. ಅಡುಗೆಮನೆಯಲ್ಲಿ ಚೆಲ್ಲಿದ ಒಂದು ಲೋಟ ನೀರು ಒರೆಸದೆ ಉಳಿದರೆ ಅದೊಂದು ಗಂಡಾಂತರವೇ.

ಈ ಕ್ಷೇತ್ರದ ಒಳ್ಳೆಯ ಸಲಕರಣೆಗಳಲ್ಲಿ ಕೆಲವು ಹುಟ್ಟಿದ್ದು ಕಷ್ಟವನ್ನು ಸ್ವತಃ ಉಂಡವರಿಂದ, ಇಲ್ಲವೇ ಅದನ್ನು ಎದುರಿಗೇ ಕಂಡವರಿಂದ. ಅಮೆರಿಕದ ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬವರು ಒಂದು ದೊಡ್ಡ ಅಂಗಡಿಯ ಕಸ ಗುಡಿಸುತ್ತಿದ್ದರು. ವಯಸ್ಸು 60ರ ಹತ್ತಿರ, ಜೊತೆಗೆ ಉಬ್ಬಸ. ಗುಡಿಸುವಾಗ ಏಳುವ ಧೂಳು ಅವರ ಉಸಿರು ಕಟ್ಟಿಸುತ್ತಿತ್ತು. ಫ್ಯಾನಿನ ಮೋಟರು, ಪೊರಕೆಯ ಕೋಲು, ಧೂಳು ಹಿಡಿಯಲು ಒಂದು ದಿಂಬಿನ ಚೀಲ ಇಷ್ಟನ್ನು ಜೋಡಿಸಿ ಅವರು ಧೂಳು ಹೀರುವ ಯಂತ್ರವೊಂದನ್ನು ಕಟ್ಟಿಕೊಂಡರು. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಕ್ಕನ್ನು ಕೊಂಡ ಹೂವರ್ ಕುಟುಂಬದ ಹೆಸರಿನಲ್ಲಿ ಆ ವ್ಯಾಕ್ಯೂಮ್ ಕ್ಲೀನರ್ ಮನೆಮಾತಾಯಿತು. ಮನೆಮನೆಯ ಯಂತ್ರವಾಗುವ ಮೊದಲು ಅದು ಕಾಯಿಲೆಯಿದ್ದ ಒಬ್ಬ ಹಿರಿಯ ತನ್ನ ಕೆಲಸ ಉಳಿಸಿಕೊಳ್ಳಲು ಮಾಡಿಕೊಂಡ ಆಸರೆಯಾಗಿತ್ತು.

ಸ್ಪೇನ್‌ನಲ್ಲಿ ಹೆಂಗಸರು ಮಂಡಿಯೂರಿ ನೆಲ ತಿಕ್ಕಿ ತಿಕ್ಕಿ ಮಂಡಿಚಿಪ್ಪಿನ ಮುಂದಿನ ಚೀಲ ಊದಿಕೊಳ್ಳುತ್ತಿತ್ತು. ವಾಯುಪಡೆಯ ಎಂಜಿನಿಯರ್ ಆಗಿದ್ದ ಮಾನುಯೆಲ್ ಹಲೋನ್ ಕೊರೋಮಿನಾಸ್, ಅಮೆರಿಕದಲ್ಲಿ ವಿಮಾನ ನಿಲ್ಲಿಸುವ ಕೊಟ್ಟಿಗೆಗಳನ್ನು ಕೋಲಿನ ಮಾಪ್‌ನಿಂದ, ಹಿಂಡುವ ಉರುಳೆ ಇರುವ ಬಕೆಟ್ಟಿನಿಂದ ಒರೆಸುವುದನ್ನು ನೋಡಿ ಬಂದು, 1956ರಲ್ಲಿ ಜರಗೋಜ ನಗರದಲ್ಲಿ ಮನೆಬಳಕೆಗೆ ಒಗ್ಗುವ ಮಾಪ್ ಮತ್ತು ಬಕೆಟ್ ತಯಾರಿಸಿದರು. ಒಂದು ದೇಶದ ಹೆಂಗಸರು ಮಂಡಿಯಿಂದ ಎದ್ದು ನಿಂತದ್ದು ಇಂಥ ಸರಳ ವಸ್ತುವಿನಿಂದ. ಕೈಹಿಡಿಯ ವಿಷಯದಲ್ಲಿ ಇದೇ ಕೆಲಸ ಮಾಡಿದವರು ಅಮೆರಿಕದ ಸ್ಯಾಮ್ ಫಾರ್ಬರ್. ಸಂಧಿವಾತ ಇದ್ದ ಪತ್ನಿ ಬೆಟ್ಸಿ ತರಕಾರಿ ಸಿಪ್ಪೆ ತೆಗೆಯಲು ಪಡುತ್ತಿದ್ದ ಪಾಡು ನೋಡಿ, ದಪ್ಪನೆಯ ಮೆತ್ತನೆಯ ರಬ್ಬರ್ ಹಿಡಿಯ ಅಡುಗೆ ಸಲಕರಣೆಗಳನ್ನು ಅವರು 1990ರಲ್ಲಿ ಮಾರುಕಟ್ಟೆಗೆ ತಂದರು. ಆ ಹಿಡಿ ನೋವಿರುವ ಕೈಗೆ ಹಿತವಾಯಿತು, ನೋವಿಲ್ಲದ ಕೈಗೂ ಹಿತವಾಗಿತ್ತು. ಹಾಗಾಗಿ ಅದು ರೋಗಿಗಳ ವಸ್ತು ಎನಿಸಿಕೊಳ್ಳಲಿಲ್ಲ, ಎಲ್ಲರ ಅಡುಗೆಮನೆಗೂ ಹೋಯಿತು.

ನೆಲ ಒರೆಸುವ ಕೆಲಸದಲ್ಲಿ ಅತಿ ಕಠಿಣವಾದದ್ದು ಬಗ್ಗುವುದೆಂದು ಹೆಚ್ಚಿನವರು ತಿಳಿದಿದ್ದಾರೆ. ಕೈ ಸೋತವರಿಗೆ ಅದಕ್ಕಿಂತ ಕಠಿಣವಾದದ್ದು ಹಿಂಡುವುದು. ಒದ್ದೆ ಬಟ್ಟೆ ಹಿಂಡುವವರ ಕೈಗಳನ್ನು ಹತ್ತಿರ ನಿಂತು ನೋಡಬೇಕು. ಎರಡೂ ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರಬೇಕು. ಒಂದು ಮಣಿಕಟ್ಟು ಒಳಕ್ಕೆ, ಇನ್ನೊಂದು ಹೊರಕ್ಕೆ ತಿರುಗಬೇಕು. ತಿರುಚಿದಷ್ಟೂ ಬೆರಳುಗಳು ಇನ್ನೂ ಬಿಗಿಯಬೇಕು. ಹೆಬ್ಬೆರಳ ಬುಡದ ಕೀಲು ಸವೆದಿದ್ದರೆ ನೋವು ಅಲ್ಲಿಂದ ಮೊಳಕೈವರೆಗೆ ಚಳುಕುತ್ತದೆ. ನೋವಿಗೆ ಹಿಡಿತ ಸಡಿಲಾಗಿ ಬಟ್ಟೆಯಲ್ಲಿ ನೀರು ಉಳಿಯುತ್ತದೆ, ಉಳಿದ ನೀರು ನೆಲಕ್ಕೆ ಬರುತ್ತದೆ, ನೆಲ ಬೇಗ ಒಣಗದೆ ಜಾರುತ್ತದೆ. ಬೆರಳಿನ ನೋವು ಕೊನೆಗೆ ಸೊಂಟದ ಮೂಳೆ ಮುರಿಯುವಲ್ಲಿಗೆ ಮುಟ್ಟುವುದು ಹೀಗೆ. ಒಂದೇ ಕೈ ಆಡುವವರಂತೂ ಬಟ್ಟೆಯನ್ನು ನಲ್ಲಿಗೆ ಸುತ್ತಿ, ಹೇಗೋ ತಿರುಚಿ ನೀರು ಬಸಿಯುತ್ತಾರೆ.

ಈ ತೊಂದರೆಗೆ ಅಂಗಡಿಗಳಲ್ಲಿ ಸಿಗುವ ಸ್ಪಿನ್ ಮಾಪ್ ಅರ್ಧ ಉತ್ತರ ಕೊಡುತ್ತದೆ. ಅದರಲ್ಲಿ ಕೈಯಿಂದ ತಿರುಚುವ ಕೆಲಸವಿಲ್ಲ. ಜಾಲರಿಬುಟ್ಟಿ ಗಿರಗಿರನೆ ತಿರುಗಿ ನೀರನ್ನು ಎರಚಿಬಿಡುತ್ತದೆ. ಆದರೆ ಕಾಲಿನಿಂದ ಪೆಡಲ್ ಒತ್ತುವ ಮಾದರಿಯಲ್ಲಿ ಒಂಟಿಕಾಲಲ್ಲಿ ನಿಲ್ಲಬೇಕು. ಸಮತೋಲ ತಪ್ಪುವ ವಯಸ್ಸಿನವರಿಗೆ ಇದು ಹಿಂಡುವುದಕ್ಕಿಂತಲೂ ಅಪಾಯ. ಕೋಲನ್ನೇ ಕೆಳಕ್ಕೆ ಒತ್ತಿದರೆ ತಿರುಗುವ ಮಾದರಿ ಇದಕ್ಕಿಂತ ಮೇಲು, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಮೈಭಾರ. ಚಪ್ಪಟೆ ಮಾಪನ್ನು ಕಿರಿದಾದ ಸೀಳಿನಲ್ಲಿ ಮೇಲೆ ಕೆಳಗೆ ಎಳೆದು ನೀರು ಬಸಿಯುವ ಬಕೆಟ್ ಒಂದು ಕೈಗೂ ಸಾಧ್ಯ. ಬಕೆಟ್ ಹಗುರವಾಗಿದ್ದರೆ ಮಾತ್ರ ಕೋಲಿನ ಜೊತೆಗೆ ಅದೂ ಮೇಲೆದ್ದು ಬರುತ್ತದೆ. ತಳಕ್ಕೆ ರಬ್ಬರ್ ಬಿಲ್ಲೆ, ಒಂದಿಷ್ಟು ಭಾರ ಸೇರಿಸಿದರೆ ಆ ದೋಷ ಹೋಗುತ್ತದೆ.

ಬಕೆಟ್ಟನ್ನೇ ಬಿಟ್ಟುಬಿಡುವುದು ಇನ್ನೂ ಒಳ್ಳೆಯದು. 10 ಲೀಟರ್ ನೀರೆಂದರೆ 10 ಕಿಲೊ ಭಾರ. ಊರುಗೋಲು ಹಿಡಿದವರು ಅದನ್ನು ಎತ್ತುವಂತೆಯೇ ಇಲ್ಲ. ಕೋಲಿಗೇ ಅರ್ಧ ಲೀಟರಿನ ಪುಟ್ಟ ಡಬ್ಬಿ ಕಟ್ಟಿ, ಬೇಕಾದಲ್ಲಿ ಬೇಕಾದಷ್ಟೇ ನೀರು ಚಿಮುಕಿಸಿ, ತೆಳುವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಎತ್ತುವುದೂ ಇಲ್ಲ, ಹಿಂಡುವುದೂ ಇಲ್ಲ. ಬಟ್ಟೆ ಕೊಳೆಯಾದರೆ ಇನ್ನೊಂದು ಬಟ್ಟೆ, ಕೊಳೆಯಾದದ್ದೆಲ್ಲ ಒಟ್ಟಿಗೆ ವಾಷಿಂಗ್ ಮೆಷಿನ್‌ಗೆ. ಆದರೆ ಆ ಬಟ್ಟೆ ಬದಲಿಸಲು ಮತ್ತೆ ನೆಲಕ್ಕೆ ಬಗ್ಗಬೇಕಾದರೆ ಉಳಿಸಿದ್ದೆಲ್ಲ ವ್ಯರ್ಥ. ಪಾದದಿಂದ ಮೆಲ್ಲಗೆ ತುಳಿದರೆ ಕಳಚುವ, ಮೇಲಿಟ್ಟು ಅದುಮಿದರೆ ಅಂಟಿಕೊಳ್ಳುವ ಪಟ್ಟಿ ಬೇಕು. ಇಲ್ಲವೇ ಮಾಪಿನ ತಲೆಯನ್ನು ಮೇಜಿನ ಎತ್ತರಕ್ಕೆ ಎತ್ತಿಡುವಷ್ಟು ಹಗುರವಾಗಿ ಅದನ್ನು ಮಾಡಬೇಕು. ಕಂಪನಿಯದೇ ಬಟ್ಟೆ ಬೇಕೆಂಬ ಕಟ್ಟುಪಾಡು ಇಲ್ಲದೆ ಹಳೆಯ ಟವೆಲ್ಲನ್ನೋ ಪಂಚೆಯ ತುಂಡನ್ನೋ ಕಚ್ಚಿ ಹಿಡಿಯುವ ಕ್ಲಿಪ್ ಇದ್ದರೆ ಸಲಕರಣೆಯ ಆಯುಷ್ಯ ಹೆಚ್ಚುತ್ತದೆ.

ಕುಳಿತು ಒರೆಸುವವರು ಹಿಂದಕ್ಕೆ ಸರಿಯುತ್ತ ಬಾಗಿಲ ಕಡೆಗೆ ಬರುತ್ತಾರೆ, ಒರೆಸಿದ ಜಾಗದಲ್ಲಿ ಹೆಜ್ಜೆ ಮೂಡದಿರಲೆಂದು. ನಿಂತು ಒರೆಸುವಾಗಲೂ ಅದೇ ರೂಢಿ. ವಯಸ್ಸಾದವರು ಹಿಂದೆ ಹಿಂದೆ ನಡೆಯುವುದು ಒಳ್ಳೆಯದಲ್ಲ. ಹೊಸ್ತಿಲೋ ಕಾಲೊರಸೋ ಕಣ್ಣಿಗೆ ಬೀಳುವುದಿಲ್ಲ. ಮುಂದಕ್ಕೆ ನಡೆದರೆ ಒದ್ದೆ ನೆಲದ ಮೇಲೆಯೇ ಕಾಲಿಡಬೇಕು, ಊರುಗೋಲಿನ ರಬ್ಬರ್ ತುದಿಯೂ ಅಲ್ಲೇ ಊರಬೇಕು. ಗಾಲಿಕುರ್ಚಿಯಲ್ಲಿರುವವರಿಗೆ ಚಕ್ರದ ಗುರುತು ನೆಲದುದ್ದಕ್ಕೂ ಮೂಡುತ್ತದೆ. ಇದಕ್ಕಿರುವ ಪರಿಹಾರ ಒಂದೇ: ಸಲಕರಣೆ ಹಾದುಹೋದ ಮೇಲೆ ನೆಲದಲ್ಲಿ ತೇವದ ಪಸೆಯಷ್ಟೇ ಉಳಿಯಬೇಕು. ಮುಂದೆ ಒದ್ದೆ ಬಟ್ಟೆ, ಅದರ ಹಿಂದೆಯೇ ಒಣ ಪಟ್ಟಿ ಅಥವಾ ರಬ್ಬರ್ ಅಂಚು ಇರುವ ತಲೆ ಇದಕ್ಕೆ ಹೊಂದುತ್ತದೆ. ನಮ್ಮ ಕಡೆ ನೀರು ಸುರಿದು ತೊಳೆದರೇನೇ ಮನೆ ಶುಚಿಯಾದಂತೆ ಎಂಬ ಭಾವನೆ ಗಟ್ಟಿಯಾಗಿದೆ. ಅದನ್ನು ಹಗುರವಾಗಿ ಕಾಣಬೇಕಿಲ್ಲ, ಆದರೆ ಹಿರಿಯರ ಮನೆಯಲ್ಲಿ ನೀರು ಕಡಿಮೆಯಾದಷ್ಟೂ ಕ್ಷೇಮ.

ಹಿಡಿಯ ದಪ್ಪ 3ರಿಂದ 4 ಸೆಂಟಿಮೀಟರ್ ಇದ್ದರೆ ಹೆಚ್ಚಿನವರ ಬೆರಳು ಸರಾಗವಾಗಿ ಸುತ್ತಿಕೊಳ್ಳುತ್ತದೆ. ಅಂಗಡಿಯ ಮಾಪಿನ ಕೊಳವೆ ಸಾಮಾನ್ಯವಾಗಿ ಇದಕ್ಕಿಂತ ಸಣ್ಣ. ಸೈಕಲ್ಲಿನ ಹಿಡಿರಬ್ಬರ್ ತೊಡಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಹಿಡಿತವೇ ಇಲ್ಲದವರಿಗೆ ಊರುಗೋಲಿನಲ್ಲಿ ಇರುವಂಥ ಮುಂಗೈ ಪಟ್ಟಿ ಬೇಕು, ಆಗ ಕೋಲನ್ನು ನೂಕುವುದು ಬೆರಳಲ್ಲ, ತೋಳು. ಅಮೆರಿಕದಲ್ಲಿ ಕಟ್ಟಡಗಳಿಗೆ ಇರುವ ವಿಕಲಚೇತನಸ್ನೇಹಿ ಮಾನದಂಡಗಳು ಬಾಗಿಲಹಿಡಿ, ನಲ್ಲಿ, ಗುಂಡಿಗಳ ಬಗ್ಗೆ ಒಂದು ನಿಯಮ ಹೇಳುತ್ತವೆ: ಒಂದೇ ಕೈಯಲ್ಲಿ ಆಗಬೇಕು, ಬಿಗಿ ಹಿಡಿತವಾಗಲಿ ಚಿವುಟುವುದಾಗಲಿ ಮಣಿಕಟ್ಟು ತಿರುಚುವುದಾಗಲಿ ಬೇಕಾಗಬಾರದು, 22.2 ನ್ಯೂಟನ್‌ಗಿಂತ ಹೆಚ್ಚು ಬಲ ಹಿಡಿಯಬಾರದು. ಅಂದರೆ ಎರಡೂಕಾಲು ಕಿಲೊ ಎತ್ತುವಷ್ಟು ಬಲ. ಆ ನಿಯಮ ಮಾಪಿಗಾಗಿ ಬರೆದದ್ದಲ್ಲ, ಆದರೂ ಶುಚಿತ್ವದ ಸಲಕರಣೆಯ ಪ್ರತಿ ಗುಂಡಿಯನ್ನೂ ಪ್ರತಿ ಮುಚ್ಚಳವನ್ನೂ ಇದರಿಂದ ಒರೆಹಚ್ಚಬಹುದು. ಹಾಗೆ ನೋಡಿದರೆ ಫಿನಾಯಿಲ್, ಆಸಿಡ್ ಬಾಟಲಿಗಳ ಮುಚ್ಚಳಗಳಲ್ಲಿ ಎಷ್ಟೋ ಅನುತ್ತೀರ್ಣವಾಗುತ್ತವೆ. ಮಕ್ಕಳು ತೆಗೆಯಬಾರದೆಂದು ಒತ್ತಿ ತಿರುಗಿಸುವಂತೆ ಮಾಡಿದ ಮುಚ್ಚಳ, ಬೆರಳು ಸೋತ ಅಜ್ಜಿಗೂ ತೆರೆಯುವುದಿಲ್ಲ. ನೀರಿಗೆ ಹಾಕಿದರೆ ಕರಗುವ ಬಿಲ್ಲೆ ಇಂಥಲ್ಲಿ ಅನುಕೂಲ.

ಕೋಲಿನ ಉದ್ದವನ್ನು ಯಾರದೋ ಅಳತೆಗೆ ಮಾಡಿದರೆ ಗಿಡ್ಡ ಆಳಿನವರ ಭುಜ ಮೇಲೆದ್ದು ನೋಯುತ್ತದೆ. ಇಲ್ಲಿನವರ ಅಳತೆ ಸಿಗದ್ದೇನಲ್ಲ: ಭಾರತೀಯರ ದೇಹದ ಅಳತೆಗಳನ್ನು ವಿನ್ಯಾಸಕಾರರಿಗಾಗಿ ಒಟ್ಟುಮಾಡಿದ ದೇಬಕುಮಾರ್ ಚಕ್ರವರ್ತಿ ಅವರ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಹೊರತಂದಿತು. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ನಿಂತವರ ಕೋಲು ಎದೆಗೆ ತಾಗುತ್ತದೆ, ಹಾಗಾಗಿ ಉದ್ದ ಕುಗ್ಗಿಸುವ ಕೋಲು ಬೇಕು, ಕುಗ್ಗಿಸುವ ಬೀಗ ತಿರುಪಿನದಾಗಿರದೆ ಒತ್ತುಗುಂಡಿಯದಾಗಿರಬೇಕು.

ಗುಡಿಸುವುದರಲ್ಲಿ ಅಡ್ಡಿಯಾಗುವುದು ಕೊನೆಯ ಗೆರೆ. ಉದ್ದ ಕೋಲಿನ ಪೊರಕೆಯಿಂದ ಇಡೀ ಕೋಣೆ ಗುಡಿಸಿ ಕಸವನ್ನು ಒಂದೆಡೆ ಗುಪ್ಪೆ ಮಾಡಬಹುದು. ಮೊರಕ್ಕೆ ತಳ್ಳಿದಾಗ ಅಂಚಿನ ಕೆಳಗೆ ಒಂದು ಧೂಳಿನ ಗೆರೆ ಉಳಿಯುತ್ತದೆ. ಮೊರ ಹಿಂದೆ ಸರಿಸಿ ಮತ್ತೆ ಗುಡಿಸಿದರೆ ಮತ್ತೆ ಗೆರೆ. ಆರೋಗ್ಯವಂತರು ಬಗ್ಗಿ ಬೆರಳಿನಿಂದಲೋ ಒದ್ದೆ ಬಟ್ಟೆಯಿಂದಲೋ ಅದನ್ನು ಎತ್ತಿಬಿಡುತ್ತಾರೆ. ನಿಂತೇ ಹಿಡಿಯುವ ಉದ್ದ ಹಿಡಿಯ ಮೊರಕ್ಕೆ ಬ್ಲೇಡಿನಷ್ಟು ತೆಳುವಾದ ಮೆತ್ತನೆಯ ರಬ್ಬರ್ ಅಂಚು ಕೊಟ್ಟರೆ ಅದು ನೆಲಕ್ಕೆ ಅಂಟಿ ಗೆರೆ ಉಳಿಯಗೊಡುವುದಿಲ್ಲ. ಮೊರ ಎತ್ತಿದೊಡನೆ ತಾನೇ ಹಿಂದಕ್ಕೆ ವಾಲಿ ಕಸ ಚೆಲ್ಲದಂತಿರಬೇಕು, ಕೆಳಗಿಟ್ಟಾಗ ಕೈಬಿಟ್ಟರೂ ನಿಂತಿರಬೇಕು. ಒಂದೇ ಕೈ ಇರುವವರಿಗೆ ಈ ತಾನೇ ನಿಲ್ಲುವ ಗುಣ ಉಳಿದೆಲ್ಲಕ್ಕಿಂತ ಮುಖ್ಯ.

ಕೋಲಿನ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಮೋಟರು ಮತ್ತು ಬ್ಯಾಟರಿ ಹಿಡಿಯ ಬಳಿ ಇದ್ದರೆ ಮಂಚದ ಕೆಳಗೆ ತೂರಿಸುವುದು ಸುಲಭ, ಆದರೆ ಇಡೀ ಭಾರ ಮಣಿಕಟ್ಟಿನ ಮೇಲೆ. ಮೋಟರು ನೆಲದ ಬಳಿ ಇದ್ದರೆ ಭಾರವನ್ನು ನೆಲವೇ ಹೊರುತ್ತದೆ, ಕೈಗೆ ಬರೀ ತಳ್ಳುವ ಕೆಲಸ. ಕೈ ನೋವಿರುವವರಿಗೆ ಎರಡನೆಯದೇ ಸರಿ. ಒತ್ತಿ ಹಿಡಿದೇ ಇರಬೇಕಾದ ಟ್ರಿಗರ್ ಬೇಡ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ ಸಾಕು. ಧೂಳಿನ ಡಬ್ಬಿ ಸೊಂಟದ ಎತ್ತರದಲ್ಲಿ, ಅಂಗೈಯಿಂದ ತಟ್ಟಿದರೆ ತೆರೆಯುವಂತಿರಬೇಕು.

ರೋಬೋಟ್‌ಗಳು ಇದಕ್ಕೆಲ್ಲ ಕೊನೆಯ ಉತ್ತರದಂತೆ ಕಾಣುತ್ತವೆ. 2002ರಲ್ಲಿ ಬಂದ ರೂಂಬಾ ಎಂಬ ಗುಡಿಸುವ ರೋಬೋಟ್ ಇವುಗಳನ್ನು ಜನಪ್ರಿಯಗೊಳಿಸಿತು. ಹಾಸಿಗೆ ಹಿಡಿದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಅವು ನಿಜವಾದ ನೆರವು. ಆದರೆ ಹಳೆಯ ಮನೆಗಳ ಎತ್ತರದ ಹೊಸ್ತಿಲನ್ನು ಅವು ದಾಟಲಾರವು, ಕಾಲೊರಸಿನ ದಾರದ ಅಂಚಿಗೆ ಸಿಕ್ಕಿಕೊಳ್ಳುತ್ತವೆ, ಬ್ರಷ್ಷಿಗೆ ಉದ್ದ ಕೂದಲು ಸುತ್ತಿಕೊಳ್ಳುತ್ತದೆ. ಮೆಟ್ಟಿಲಿನಿಂದ ಬೀಳದಿರಲೆಂದು ಅವುಗಳ ಹೊಟ್ಟೆಯಡಿ ಅವಕೆಂಪು ಕಿರಣ ಕಳಿಸಿ ಹಿಂದಿರುಗುವ ಬೆಳಕನ್ನು ಅಳೆಯುವ ಸಂವೇದಕಗಳಿರುತ್ತವೆ. ಗಾಢ ಕಪ್ಪು ನೆಲ ಆ ಕಿರಣವನ್ನು ನುಂಗಿಬಿಟ್ಟರೆ ಯಂತ್ರ ಅದನ್ನೇ ಗುಂಡಿಯೆಂದು ತಿಳಿದು ಹಿಂದೆ ಸರಿಯುತ್ತದೆ. ಕಡಪ ಕಲ್ಲಿನ ಕರಿ ನೆಲ ಇರುವವರು ಕೊಳ್ಳುವ ಮೊದಲು ಮನೆಯಲ್ಲೇ ಓಡಿಸಿ ನೋಡುವುದು ಒಳ್ಳೆಯದು. ನೆಲಮಟ್ಟದಲ್ಲಿ ಬರುವ ತಟ್ಟೆಯಂಥ ವಸ್ತು ನಡೆದಾಡುವ ಹಿರಿಯರ ಕಾಲಿಗೆ ಎಡವುಗಲ್ಲೂ ಆಗಬಹುದು. ಅವರು ಕುಳಿತಿರುವ ಹೊತ್ತಿಗೆ ಓಡುವಂತೆ ಸಮಯ ಹೊಂದಿಸಿ, ಓಡುವಾಗ ದೀಪ ಮಿನುಗುವಂತೆ ಮಾಡಬೇಕು. ಫೋನಿನ ಆಪ್ ಇಲ್ಲದೆಯೂ ಒಂದು ದೊಡ್ಡ ಗುಂಡಿಯಿಂದ ಅದು ನಡೆಯಬೇಕು. ದಿನವೂ ನೆಲಕ್ಕೆ ಬಗ್ಗಿ ಕಸದ ಡಬ್ಬಿ ಕಳಚಬೇಕಾದ ರೋಬೋಟ್ ಮಂಡಿ ಹೋದವರಿಗೆ ಪ್ರಯೋಜನವಿಲ್ಲ. ತನ್ನ ಚಾರ್ಜಿಂಗ್ ನಿಲ್ದಾಣಕ್ಕೆ ಹೋಗಿ ತಾನೇ ಕಸ ಖಾಲಿ ಮಾಡಿಕೊಳ್ಳುವ ಮಾದರಿ ದುಬಾರಿಯಾದರೂ ಅರ್ಥಪೂರ್ಣ.

ಕಣ್ಣು ಕಿವಿಗಳ ಲೆಕ್ಕ ವಿನ್ಯಾಸದಲ್ಲಿ ಹಿಂದೆ ಬೀಳುವುದೇ ಹೆಚ್ಚು. 60ರ ವಯಸ್ಸಿನಲ್ಲಿ ಅಕ್ಷಿಪಟಕ್ಕೆ ತಲುಪುವ ಬೆಳಕು 20ರ ಹರೆಯದಲ್ಲಿ ತಲುಪುತ್ತಿದ್ದುದರ ಮೂರನೇ ಒಂದು ಪಾಲಿನಷ್ಟೇ. ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಹಸಿರುಗಳ ವ್ಯತ್ಯಾಸ ಮಸುಕಾಗುತ್ತದೆ, ಆದ್ದರಿಂದ ಶುದ್ಧ ನೀರಿನ ತೊಟ್ಟಿಗೆ ನೀಲಿ, ಕೊಳೆ ನೀರಿನದಕ್ಕೆ ಹಸಿರು ಎಂಬಂಥ ಗುರುತು ಸಲ್ಲದು. ಬಣ್ಣದ ಜೊತೆಗೆ ಆಕಾರವೂ ಬೇರೆಯಿರಬೇಕು. ಮಾಪಿನ ತಲೆಗೆ ನೆಲಕ್ಕೆ ಓರೆಯಾಗಿ ಬೀಳುವ ಪುಟ್ಟ ದೀಪ ಹಾಕಿದರೆ ಬಿದ್ದ ಅಕ್ಕಿಕಾಳಿಗೂ ನೆರಳು ಮೂಡಿ ಎದ್ದು ಕಾಣುತ್ತದೆ. ವಯಸ್ಸಿನೊಂದಿಗೆ ಮೊದಲು ಕೇಳದಾಗುವುದು ಕೀಚಲು ಸದ್ದು. ಅಗ್ಗದ ಬಜರ್‌ಗಳು ಕೂಗುವುದೋ 2,000ದಿಂದ 4,000 ಹರ್ಟ್ಸ್‌ನಲ್ಲಿ. ಎಚ್ಚರಿಕೆಯ ಸದ್ದು ಇದಕ್ಕಿಂತ ದಪ್ಪಗಿರಬೇಕು. ದೃಷ್ಟಿ ಇಲ್ಲದವರು ಒರೆಸಿದ ಜಾಗ, ಒರೆಸದ ಜಾಗವನ್ನು ತಿಳಿಯುವುದು ಪಾದದ ಸ್ಪರ್ಶದಿಂದ ಮತ್ತು ಕಿವಿಯಿಂದ. ಅಬ್ಬರಿಸುವ ಯಂತ್ರ ಅವರಿಂದ ಮನೆಯ ಇತರ ಸದ್ದುಗಳನ್ನೆಲ್ಲ ಕಿತ್ತುಕೊಳ್ಳುತ್ತದೆ.

ಇಷ್ಟೆಲ್ಲ ತಿಳಿಯುವುದು ಮೇಜಿನ ಮುಂದೆ ಕುಳಿತಲ್ಲ. 1979ರಿಂದ ಮೂರು ವರ್ಷ, ಅಮೆರಿಕದ ವಿನ್ಯಾಸಕಿ ಪ್ಯಾಟ್ರೀಶಿಯಾ ಮೂರ್ ತಮ್ಮ 26ನೆಯ ವಯಸ್ಸಿನಲ್ಲಿ 80 ದಾಟಿದ ಮುದುಕಿಯ ವೇಷ ಹಾಕಿ ನೂರಕ್ಕೂ ಹೆಚ್ಚು ನಗರಗಳಲ್ಲಿ ಓಡಾಡಿದರು. ಕಣ್ಣು ಮಂಜಾಗುವಂತೆ, ಕೀಲು ಬಾಗದಂತೆ, ಕಿವಿ ಕೇಳದಂತೆ ಮಾಡಿಕೊಂಡಿದ್ದರು. ದಪ್ಪ ಕೈಗವಸು, ಎಣ್ಣೆ ಸವರಿದ ಕನ್ನಡಕ ಹಾಕಿಕೊಂಡು ತಮ್ಮ ಮಾದರಿಯನ್ನು ತಾವೇ ಬಳಸಿ ನೋಡುವ ಅಭ್ಯಾಸ ವಿನ್ಯಾಸಕಾರರಲ್ಲಿ ಈಗಲೂ ಇದೆ. ಅದು ಆರಂಭಕ್ಕೆ ಒಳ್ಳೆಯದು, ಆದರೆ ಸಂಜೆಗೆ ಕಳಚಿಡಬಹುದಾದ ನೋವು ನಿಜವಾದ ನೋವಿಗೆ ಸಮನಲ್ಲ. ಬಳಸುವವರ ಮನೆಗೇ ಹೋಗಿ, ಅವರು ಪೊರಕೆ ಎತ್ತಿಕೊಳ್ಳುವಲ್ಲಿಂದ ಬಟ್ಟೆ ಒಣಹಾಕುವವರೆಗೆ ಸುಮ್ಮನೆ ನೋಡಬೇಕು: ಎಷ್ಟು ಸಲ ಬಗ್ಗಿದರು, ಎಷ್ಟು ಸಲ ಊರುಗೋಲು ಬಿಟ್ಟರು, ಎಲ್ಲಿ ಗೋಡೆ ಹಿಡಿದರು, ಎಲ್ಲಿ ಕುಳಿತು ಸುಧಾರಿಸಿಕೊಂಡರು. 1959ರಿಂದ ವಿಕಲಚೇತನರ ನಡುವೆ ಕೆಲಸ ಮಾಡುತ್ತಿರುವ ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂಥ ಸಂಸ್ಥೆಗಳು ಇಲ್ಲಿರುವುದರಿಂದ, ಕರ್ನಾಟಕದ ವಿನ್ಯಾಸ ವಿದ್ಯಾರ್ಥಿಗಳಿಗೆ ಕೇಳಿ ತಿಳಿಯಲು ಜನ ದೂರವಿಲ್ಲ.

ಮೊದಲ ಮಾದರಿಗೆ ಪಿವಿಸಿ ಪೈಪು, ರಟ್ಟು, ಹಳೆ ಮಾಪಿನ ತಲೆ ಸಾಕು. ನಾಲ್ಕು ಬಗೆಯ ಹಿಡಿ ಮಾಡಿ ಕೈಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ತಿಳಿಯುವುದು, ಕಂಪ್ಯೂಟರಿನ ಚಿತ್ರದಲ್ಲಿ ಹತ್ತು ದಿನಕ್ಕೂ ತಿಳಿಯದು. ಒಂದು ಭೇಟಿಯಲ್ಲಿ ಚೆನ್ನಾಗಿದೆ ಎಂದವರು ಬಂದವರ ಮನ ನೋಯಿಸಬಾರದೆಂದು ಹಾಗೆ ಹೇಳಿರಬಹುದು. ಮಾದರಿಯನ್ನು ತಿಂಗಳು ಅವರ ಬಳಿಯೇ ಬಿಟ್ಟು, ಅದು ಬಳಕೆಯಲ್ಲಿದೆಯೋ ಬಾಗಿಲ ಹಿಂದೆ ನಿಂತಿದೆಯೋ ನೋಡಬೇಕು. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದಕ್ಕಾಗಿ ಬೆಟ್ಸಿ ಫಿಲಿಪ್ಸ್ ಮತ್ತು ಹಾಂಗ್‌ಶಿನ್ ಝಾವೊ 227 ಮಂದಿ ವಿಕಲಚೇತನರನ್ನು ವಿಚಾರಿಸಿದಾಗ, ಅವರು ಪಡೆದಿದ್ದ ಸಹಾಯಕ ಸಲಕರಣೆಗಳಲ್ಲಿ ಶೇ. 29.3ರಷ್ಟು ಬಳಕೆ ತಪ್ಪಿಹೋಗಿದ್ದವು. ಆರಿಸುವಾಗ ಬಳಸುವವರ ಅಭಿಪ್ರಾಯ ಕೇಳದಿದ್ದುದು ಅದಕ್ಕಿದ್ದ ಕಾರಣಗಳಲ್ಲಿ ಒಂದು.

ಸ್ಥಳೀಯ ಬದುಕಿಗೆ ಒಗ್ಗಿಸುವುದರ ಬೆಲೆ ಏನೆಂಬುದಕ್ಕೆ 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲು ಸಾಕ್ಷಿ. ಕುಕ್ಕರಗಾಲಲ್ಲಿ ಕೂರಲು, ಚಪ್ಪಲಿಯಿಲ್ಲದೆ ನಡೆಯಲು, ಗದ್ದೆಯ ಕೆಸರಿಗಿಳಿಯಲು ಆಗಬೇಕೆಂಬ ಅಗತ್ಯವೇ ಅದರ ರೂಪವನ್ನು ನಿರ್ಧರಿಸಿತು. ಮನೆ ಒರೆಸುವ ಸಲಕರಣೆಯೂ ಗಡಸು ನೀರಿನ ಸುಣ್ಣಕ್ಕೆ ಕಟ್ಟದ ಕೊಳವೆ, ಕರೆಂಟು ಹೋದರೂ ನಿಲ್ಲದ ಕೆಲಸ, ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುವ ತಿರುಪು ಮತ್ತು ಚಕ್ರ ಇವುಗಳನ್ನು ಬಯಸುತ್ತದೆ. ಬಣ್ಣ, ಆಕಾರಗಳಲ್ಲಿ ಆಸ್ಪತ್ರೆಯ ನೆನಪು ಬಾರದಂತಿದ್ದರೆ, ಬಂದ ನೆಂಟರ ಕಣ್ಣಿಗೆ ಬೀಳಬಾರದೆಂದು ಅದನ್ನು ಯಾರೂ ಬಚ್ಚಿಡುವುದಿಲ್ಲ.

ಉಳಿದದ್ದು ಇಡುವ ಜಾಗ. ಮಾಪು ಕೆಳಗೆ ಜಾರಿ ಬಿದ್ದರೆ ಅದನ್ನು ಎತ್ತುವುದೇ ಒಂದು ದೊಡ್ಡ ಕೆಲಸ, ಹಾಗಾಗಿ ಗೋಡೆಗೆ ಒರಗಿಸಿಡುವ ಸಲಕರಣೆಗಿಂತ ಕೊಕ್ಕೆಗೆ ತೂಗುವುದು ಲೇಸು. ಕುಳಿತವರ ಕೈಗೂ ನಿಂತವರ ಕೈಗೂ ಎಟಕುವ ಎತ್ತರವೆಂದು ಮೇಲೆ ಹೇಳಿದ ಅಮೆರಿಕದ ಕಟ್ಟಡ ಮಾನದಂಡ ಹೇಳುವುದು ನೆಲದಿಂದ 38 ಸೆಂಟಿಮೀಟರ್ ಮೇಲೆ, 122 ಸೆಂಟಿಮೀಟರ್ ಒಳಗೆ. ಕೊಕ್ಕೆಯ ಬಾಯಿ ಅಗಲವಾಗಿದ್ದರೆ, ನಡುಗುವ ಕೈ ಗುರಿ ಹಿಡಿಯದೆಯೂ ಮಾಪನ್ನು ಅಲ್ಲಿಗೆ ಸಿಕ್ಕಿಸಬಹುದು.